ಮಣ್ಣಿನೊಳಗಿನವರ ಊಟ
(ಸುವರ್ಣ ಮಹೋತ್ಸವ ಸಭೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಸೂಕ್ಷ್ಮಜೀವಿಗಳನ್ನು ಓದುವುದು, ಓದಿಸುವುದು ನನ್ನ ಕೆಲಸ. ಅದರ ಬಗ್ಗೆಯೇ ನಾಲ್ಕು ಮಾತಾಡಿ ಎಂದು ಸಮಿತಿಯವರು ಹೇಳಿದ್ದಾರೆ. ಕಣ್ಣಿಗೆ ಕಾಣದ ಈ ಜೀವಿಗಳ ಊಟದ ವಿಚಾರ ಹೇಳುತ್ತೇನೆ. ಅದು ನಮ್ಮ ಹೊಲಕ್ಕೂ ಕುಡಿಯುವ ನೀರಿಗೂ ಸೇರಿದ ವಿಚಾರ.

ಯಾವ ಜೀವಿಗಾದರೂ ಬದುಕಲು ಎರಡು ಬೇಕು. ಕೆಲಸ ಮಾಡಲು ಶಕ್ತಿ, ಮೈ ಕಟ್ಟಿಕೊಳ್ಳಲು ಇಂಗಾಲ. ಮನೆ ಕಟ್ಟುವವನಿಗೆ ಕೂಲಿಯಾಳೂ ಬೇಕು, ಇಟ್ಟಿಗೆಯೂ ಬೇಕು ಎಂಬ ಹಾಗೆ. ನಮಗೆ ಎರಡೂ ಒಂದೇ ಮುದ್ದೆಯಲ್ಲಿ ಸಿಗುತ್ತವೆ. ಗಿಡಕ್ಕೆ ಶಕ್ತಿ ಬಿಸಿಲಿನಿಂದ, ಇಂಗಾಲ ಗಾಳಿಯ ಕಾರ್ಬನ್ ಡೈಆಕ್ಸೈಡಿನಿಂದ. ಪರಪೋಷಕ, ಸ್ವಪೋಷಕ ಎಂದು ನಾವು ಇಲ್ಲಿ ಬಾಯಿಪಾಠ ಮಾಡಿದ್ದು ಇದನ್ನೇ.

ಸೂಕ್ಷ್ಮಜೀವಿಗಳಲ್ಲಿ ಎರಡೂ ಬಗೆ ಇವೆ. ಗದ್ದೆಯ ನೀರಿನ ನೀಲಿ ಹಸಿರು ಪಾಚಿ ಗಿಡದಂತೆ ಬಿಸಿಲನ್ನೇ ನಂಬಿದೆ. ಹಾಲಿಗೆ ಹೆಪ್ಪು ಹಾಕಿದಾಗ ಸೇರುವ ಬ್ಯಾಕ್ಟೀರಿಯಾ ನಮ್ಮಂತೆ ಸಿದ್ಧ ಅಡುಗೆ ತಿನ್ನುವಂಥದು. ಹಾಲಿನ ಸಕ್ಕರೆಯನ್ನು ತಿಂದು ಹುಳಿ ಬಿಡುತ್ತದೆ. ಗೋಬರ್ ಗ್ಯಾಸ್ ಗುಂಡಿಯಲ್ಲಿ ಒಂದು ತಂಡ ಸಗಣಿಯನ್ನು ಒಡೆಯುತ್ತದೆ, ಅದು ಬಿಟ್ಟದ್ದನ್ನು ಇನ್ನೊಂದು ತಂಡ ಮೀಥೇನ್ ಮಾಡುತ್ತದೆ. ಅವು ಉಂಡು ಬಿಟ್ಟದ್ದರಲ್ಲಿ ನಮ್ಮ ಒಲೆ ಉರಿಯುತ್ತದೆ.

ಮೂರನೆಯ ಬಗೆಯೊಂದಿದೆ. ಅವಕ್ಕೆ ಬಿಸಿಲೂ ಬೇಡ, ಬೇರೆಯವರ ಅಡುಗೆಯೂ ಬೇಡ. 1890ರ ಸುಮಾರಿಗೆ ರಷ್ಯಾದ ವಿಜ್ಞಾನಿ ಸೆರ್ಗೈ ವಿನೊಗ್ರಾಡ್‌ಸ್ಕಿ, ಜ್ಯೂರಿಕ್‌ನಲ್ಲಿದ್ದಾಗ, ಬರೀ ಲವಣಗಳ ನೀರಿನಲ್ಲಿ ಮಣ್ಣಿನ ಕೆಲವು ಬ್ಯಾಕ್ಟೀರಿಯಾಗಳನ್ನು ಬೆಳೆಸಿ ತೋರಿಸಿದರು. ಅವು ಅಮೋನಿಯವನ್ನು ಆಮ್ಲಜನಕದ ಜೊತೆ ಸೇರಿಸಿ, ಆಗ ಹೊಮ್ಮುವ ಶಕ್ತಿಯಲ್ಲೇ ಬದುಕುತ್ತವೆ. ಇಂಗಾಲವನ್ನು ಮಾತ್ರ ಗಿಡದಂತೆ ಕಾರ್ಬನ್ ಡೈಆಕ್ಸೈಡಿನಿಂದಲೇ ಪಡೆಯುತ್ತವೆ.

ಇವು ನಮ್ಮ ಹೊಲದಲ್ಲೂ ಇವೆ. ನಾವು ಎರಚಿದ ಯೂರಿಯಾ ಮಣ್ಣಿನಲ್ಲಿ ಅಮೋನಿಯ ಆಗುತ್ತದೆ. ನೈಟ್ರೊಸೊಮೋನಾಸ್ ಅದನ್ನು ನೈಟ್ರೈಟ್ ಮಾಡುತ್ತದೆ, ನೈಟ್ರೊಬ್ಯಾಕ್ಟರ್ ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಬೆಳೆಗೆ ಒಳ್ಳೆಯ ಆಹಾರವೇ. ಆದರೆ ಅದನ್ನು ಮಣ್ಣು ಹಿಡಿದಿಟ್ಟುಕೊಳ್ಳುವುದಿಲ್ಲ. ಬೇರು ಕುಡಿದು ಮಿಕ್ಕಿದ್ದು ಮಳೆನೀರಿನ ಜೊತೆ ಇಳಿದು ಬಾವಿ, ಬೋರ್‌ವೆಲ್ ಸೇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ದಾಟಬಾರದೆಂಬುದು ನಮ್ಮ ದೇಶದ ಮಾನದಂಡ. ಹೆಚ್ಚಾದರೆ ಹಸುಗೂಸುಗಳ ರಕ್ತಕ್ಕೆ ಆಮ್ಲಜನಕ ಹೊರುವ ಬಲ ಕುಗ್ಗುತ್ತದೆ. ತಾಯಂದಿರು ಗಮನಿಸಬೇಕು, ನೀರು ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ.

ಹಾಗಾದರೆ ಮಿಕ್ಕ ಸಾರಜನಕವನ್ನು ಹಿಡಿದಿಡುವವರು ಯಾರು? ಸಿದ್ಧ ಅಡುಗೆ ತಿನ್ನುವ ಮಣ್ಣಿನ ಜೀವಿಗಳೇ. ಮೈ ಬೆಳೆಸಿಕೊಳ್ಳುವಾಗ ಅವು ಸಾರಜನಕವನ್ನು ಒಳಗೆ ಸೇರಿಸಿಕೊಳ್ಳುತ್ತವೆ, ಸತ್ತಾಗ ನಿಧಾನವಾಗಿ ಬೆಳೆಗೆ ಬಿಟ್ಟುಕೊಡುತ್ತವೆ. ಆದರೆ ಅವಕ್ಕೆ ಇಂಗಾಲ ಬೇಕು. ಆ ಇಂಗಾಲ ಇರುವುದು ಹುಲ್ಲು, ಸೊಪ್ಪು, ಕೊಟ್ಟಿಗೆ ಗೊಬ್ಬರದಲ್ಲಿ, ಕಬ್ಬಿನ ತರಗಿನಲ್ಲಿ. ನಾವು ಯೂರಿಯಾ ಚೀಲ ತಂದು ಸುರಿಯುತ್ತೇವೆ, ತರಗಿಗೆ ಬೆಂಕಿ ಹಾಕುತ್ತೇವೆ. ಅಂದರೆ ಮಣ್ಣಿಗೆ ಉಪ್ಪು ಬಡಿಸಿ ಅನ್ನ ಸುಟ್ಟಂತಾಯಿತು.

ನಿಮ್ಮ ಮನೆಯಲ್ಲಿರುವ ಮಣ್ಣು ಆರೋಗ್ಯ ಚೀಟಿಯನ್ನು ಈ ಸಂಜೆ ತೆಗೆದು ನೋಡಿ. ಸಾವಯವ ಇಂಗಾಲ ಎಂಬ ಸಾಲಿನಲ್ಲಿ ಶೇಕಡಾ 0.5ಕ್ಕಿಂತ ಕಡಿಮೆ ಇದ್ದರೆ ನಿಮ್ಮ ಮಣ್ಣಿನೊಳಗಿನವರು ಅರೆಹೊಟ್ಟೆಯಲ್ಲಿದ್ದಾರೆ ಎಂದು ತಿಳಿಯಿರಿ.

ಒಂದು ಎಚ್ಚರಿಕೆ. ಒಣ ಹುಲ್ಲನ್ನು ಮಣ್ಣಿಗೆ ಸೇರಿಸಿ ಕೂಡಲೇ ಬಿತ್ತಿದರೆ ಬೆಳೆ ಹಳದಿಯಾದೀತು. ಹುಲ್ಲಿನಲ್ಲಿ ಇಂಗಾಲ ಬಹಳ, ಸಾರಜನಕ ಕಡಿಮೆ. ಅದನ್ನು ತಿನ್ನುವವರು ಸಾರಜನಕವನ್ನು ಮಣ್ಣಿನಿಂದಲೇ ಕಿತ್ತುಕೊಳ್ಳುತ್ತಾರೆ. ಆದ್ದರಿಂದ ಸಗಣಿಯ ಜೊತೆ ತಿಪ್ಪೆಯಲ್ಲಿ ಕೊಳೆಸಿ ಹಾಕಿ. ಕೂಳೆ ಕಬ್ಬಿನಲ್ಲಾದರೆ ತರಗನ್ನು ಸಾಲಿನ ನಡುವೆ ಹೊದಿಸಿ.

ಮಕ್ಕಳೇ, ಕಡಲೆಕಾಯಿ ಗಿಡವೊಂದನ್ನು ಹೂ ಬಿಡುವಾಗ ಬೇರು ಸಮೇತ ಮೆಲ್ಲಗೆ ಕಿತ್ತು, ಗಂಟನ್ನು ಉಗುರಿನಿಂದ ಸೀಳಿ. ಒಳಗೆ ಕೆಂಪಗಿದ್ದರೆ ರೈಜೋಬಿಯಂ ಕೆಲಸ ಮಾಡುತ್ತಿದೆ ಎಂದರ್ಥ. ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ, ಅದು ಗಿಡಕ್ಕೆ ಗಾಳಿಯ ಸಾರಜನಕ ಕೊಡುತ್ತದೆ. ಕೊಟ್ಟು ತೆಗೆದುಕೊಳ್ಳುವ ಆ ಲೆಕ್ಕವನ್ನು ನಿಮ್ಮ ವಿಜ್ಞಾನ ಮೇಷ್ಟ್ರಿಗೂ ಮನೆಯಲ್ಲಿ ಅಪ್ಪನಿಗೂ ತೋರಿಸಿ.

ಈ ಸುಗ್ಗಿಯಲ್ಲಿ ಒಂದು ಎಕರೆಯ ತರಗನ್ನಾದರೂ ಸುಡದೆ ಉಳಿಸಿ.