ಕೆಲವು, ಕೆಲವೇ, ವಿರಳ

ಇಂಗ್ಲಿಷಿನ ‘ಫ್ಯೂ’ ಎಂದರೆ ‘ಕೆಲವು’ ಅಲ್ಲ. ‘ಕೆಲವು’ ಎನ್ನಲು ‘ಎ ಫ್ಯೂ’ ಬೇಕು. ಬರಿಯ ‘ಫ್ಯೂ’ ಎಂದರೆ ‘ಕೆಲವೇ’, ಇಲ್ಲವೆನ್ನುವಷ್ಟು ಕಡಿಮೆ. ಕಲಿಯುವವರಿಗೆ ಮತ್ತೆ ಮತ್ತೆ ಆಗುವ ಗೊಂದಲ ಇದೇ. ಪಾಠ ಮುಗಿದಾಗ ಹುಡುಗನೊಬ್ಬ ಎದ್ದು ‘ಐ ಹ್ಯಾವ್ ಫ್ಯೂ ಡೌಟ್ಸ್’ ಎನ್ನುತ್ತಾನೆ. ಅವನ ಮನಸ್ಸಿನಲ್ಲಿರುವುದು ಮೂರು ಪ್ರಶ್ನೆ. ಬಾಯಲ್ಲಿ ಬಂದದ್ದು ‘ನನಗೆ ಅಂಥ ಸಂಶಯವೇನೂ ಇಲ್ಲ’ ಎಂಬ ಮಾತು. ಇಂಗ್ಲಿಷನ್ನೇ ಆಡಿ ಬೆಳೆದ ಮೇಷ್ಟ್ರಾದರೆ ಪುಸ್ತಕ ಮಡಚಿ ಹೊರಟೇಬಿಟ್ಟಾರು.

ಆ ‘ಎ’ ಇದ್ದರೂ ಒಂದೇ, ಬಿಟ್ಟರೂ ಒಂದೇ ಎಂಬ ನಂಬಿಕೆ ಎಷ್ಟು ತಿದ್ದಿದರೂ ಹೋಗುವುದಿಲ್ಲ. ವರ್ಷಗಟ್ಟಲೆ ಉತ್ತರಪತ್ರಿಕೆ ನೋಡಿದವರಿಗೆ ಇದು ಗೊತ್ತು. ‘ಮದುವೆಗೆ ಕೆಲವರು ಬಂದರು’, ‘ಮದುವೆಗೆ ಕೆಲವರೇ ಬಂದರು’ ಎರಡೂ ಒಂದೇ ಎಂದು ಕನ್ನಡಿಗರು ಯಾರೂ ಹೇಳರು. ಕನ್ನಡದಲ್ಲಿ ‘ಏ’ ಸೇರಿದರೆ ಲೆಕ್ಕ ಇಳಿಯುತ್ತದೆ, ಇಂಗ್ಲಿಷಿನಲ್ಲಿ ‘ಎ’ ಬಿಟ್ಟರೆ ಇಳಿಯುತ್ತದೆ. ಇಷ್ಟೇ ಸಂಗತಿ. ಸೇರಿದರೆ ಇಲ್ಲಿ ಇಳಿತ, ಬಿಟ್ಟರೆ ಅಲ್ಲಿ ಇಳಿತ. ಹಾಲು, ಸಮಯದಂಥ ಎಣಿಸಲಾಗದವಕ್ಕೆ ‘ಲಿಟ್ಲ್’, ‘ಎ ಲಿಟ್ಲ್’, ವ್ಯತ್ಯಾಸ ಅದೇ.

ಇನ್ನೊಂದು ತೊಡಕು ‘ವಿರಳ’. ಕನ್ನಡದಲ್ಲಿ ಜನವಸತಿಯೂ ವಿರಳ, ಕಾಯಿಲೆಯೂ ವಿರಳ. ಇಂಗ್ಲಿಷಿನಲ್ಲಿ ವಸತಿ ‘ಸ್ಪಾರ್ಸ್’, ಕಾಯಿಲೆ ‘ರೇರ್’. ಸ್ಪಾರ್ಸ್ ಹುಟ್ಟಿದ್ದು ‘ಚೆಲ್ಲು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ. ರಾಗಿ ಚೆಲ್ಲಿದ ಹೊಲದಲ್ಲಿ ಪೈರು ತೆಳ್ಳಗೆ ಎದ್ದು ನಡುನಡುವೆ ನೆಲ ಕಾಣುತ್ತಿದ್ದರೆ ಅದು ಸ್ಪಾರ್ಸ್. ಗಡ್ಡಕ್ಕೂ ತಲೆಗೂದಲಿಗೂ ಇದೇ ಮಾತು. ‘ಸ್ಕೇರ್ಸ್’ ಎಂದರೆ ಬೇಕಾದವರಿಗೆ ಸಾಲದಷ್ಟು; ಯಾರಿಗೂ ಬೇಡವಾದದ್ದು ಎಷ್ಟೇ ಕಡಿಮೆಯಿದ್ದರೂ ಸ್ಕೇರ್ಸ್ ಅಲ್ಲ. ಬೇಸಿಗೆಯ ನೀರಿನ ಅಭಾವಕ್ಕೆ ಸ್ಪಾರ್ಸ್ ಎಂದರೆ ಇರುವ ನೀರನ್ನೂ ಎರಚಿ ಚೆಲ್ಲಿದಂತಾಯಿತು. ಜೈಸಲ್ಮೇರಿನ ಮರುಭೂಮಿಯಲ್ಲಿ ಮೂರೂ ಒಟ್ಟಿಗಿವೆ: ಕುರುಚಲು ಸ್ಪಾರ್ಸ್, ನೀರು ಸ್ಕೇರ್ಸ್, ಗೋಡಾವಣ್ ಹಕ್ಕಿ ರೇರ್.

ಬಿಟ್ಟು ಬಿಟ್ಟು ನಡೆಯುವುದಕ್ಕೆ ‘ಸ್ಪೊರ್ಯಾಡಿಕ್’. ‘ಫ್ಯೂ ಅಂಡ್ ಫಾರ್ ಬಿಟ್ವೀನ್’ ಎಂದರೆ ‘ಅಲ್ಲೊಂದು ಇಲ್ಲೊಂದು’. ಅದರಲ್ಲಿ ಎಣಿಕೆಯೂ ಇದೆ, ಅಂತರವೂ ಇದೆ.

ಭಾರತೀಯ ಹವಾಮಾನ ಇಲಾಖೆ ಇಂಥ ಮಾತುಗಳಿಗೆ ಅಂಕಿಯನ್ನೇ ಕಟ್ಟಿದೆ. ಮಳೆ ಬೀಳುವುದು ‘ಐಸೊಲೇಟೆಡ್ ಪ್ಲೇಸಸ್’ನಲ್ಲಿ ಎಂದರೆ ಆ ಪ್ರದೇಶದ ಮಳೆ ಅಳೆಯುವ ಕೇಂದ್ರಗಳಲ್ಲಿ ಶೇ 25ರವರೆಗೆ, ‘ಎ ಫ್ಯೂ ಪ್ಲೇಸಸ್’ನಲ್ಲಿ ಎಂದರೆ ಶೇ 26ರಿಂದ 50. ಅಲ್ಲಿಯೂ ‘ಎ’ ಬಿಟ್ಟಿಲ್ಲ.