ಮೈಲುತುತ್ತದ ನೀಲಿ ಮತ್ತು ಎಲೆಕ್ಟ್ರಾನುಗಳ ವ್ಯವಸ್ಥೆ



ಮಳೆಗಾಲ ಬಂತೆಂದರೆ ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಕೊಳೆ ರೋಗದ ಚಿಂತೆ. ಅದನ್ನು ತಡೆಯಲು ಮೈಲುತುತ್ತ ಮತ್ತು ಸುಣ್ಣ ಸೇರಿಸಿ ತಯಾರಿಸಿದ ಬೋರ್ಡೋ ದ್ರಾವಣವನ್ನು ಅಡಿಕೆ ಗೊನೆಗಳಿಗೆ ಸಿಂಪಡಿಸುತ್ತಾರೆ. ಮೈಲುತುತ್ತವೆಂದರೆ ತಾಮ್ರದ ಸಲ್ಫೇಟು. ಅದರ ಹರಳುಗಳು ಕಡುನೀಲಿ. ಬತ್ತದ ಗದ್ದೆಗೆ ಹಾಕುವ ಸತುವಿನ ಸಲ್ಫೇಟಾದರೋ ಬಿಳಿ. ನೀರಿನಲ್ಲಿ ಕರಗಿಸಿದರೆ ಬಣ್ಣವೇ ಇಲ್ಲ. ಆವರ್ತ ಕೋಷ್ಟಕದಲ್ಲಿ ತಾಮ್ರ 29ನೆಯದು, ಸತು 30ನೆಯದು. ನೆರೆಹೊರೆಯ ಧಾತುಗಳಲ್ಲಿ ಇಷ್ಟು ವ್ಯತ್ಯಾಸವೇಕೆ? ಉತ್ತರ ಅವುಗಳ ಎಲೆಕ್ಟ್ರಾನುಗಳ ವ್ಯವಸ್ಥೆಯಲ್ಲಿದೆ.

ಎಲೆಕ್ಟ್ರಾನುಗಳು ಸೂರ್ಯನ ಸುತ್ತ ಗ್ರಹಗಳು ತಿರುಗುವಂತೆ ನಿರ್ದಿಷ್ಟ ಕಕ್ಷೆಗಳಲ್ಲಿ ತಿರುಗುತ್ತವೆ ಎಂಬ ಚಿತ್ರವನ್ನು 1913ರಲ್ಲಿ ನೀಲ್ಸ್ ಬೋರ್ ಕೊಟ್ಟರು. 1926ರಲ್ಲಿ ಅರ್ವಿನ್ ಶ್ರೋಡಿಂಗರ್ ತಮ್ಮ ತರಂಗ ಸಮೀಕರಣವನ್ನು ಮಂಡಿಸಿದ ಮೇಲೆ ಈ ಚಿತ್ರ ಬದಲಾಯಿತು. ಎಲೆಕ್ಟ್ರಾನು ಇಂಥದೇ ದಾರಿಯಲ್ಲಿ ಚಲಿಸುತ್ತದೆ ಎಂದು ಹೇಳಲಾಗದು. ಅದು ಎಲ್ಲಿ ಸಿಗುವ ಸಂಭವ ಹೆಚ್ಚು ಎಂದಷ್ಟೇ ಹೇಳಬಹುದು. ಅಂಥ ಪ್ರದೇಶವೇ ಆರ್ಬಿಟಲ್, ಅಂದರೆ ಕಕ್ಷಕ. ಎಸ್ ಕಕ್ಷಕ ಚೆಂಡಿನಂತೆ ಗೋಲಾಕಾರ. ಪಿ ಕಕ್ಷಕಕ್ಕೆ ಎದುರುಬದುರಾದ ಎರಡು ಹಾಲೆಗಳು. ಒಂದು ಕವಚದಲ್ಲಿ ಎಸ್ ಒಂದೇ ಒಂದು. ಪಿ ಇದ್ದರೆ 3, ಡಿ ಇದ್ದರೆ 5, ಎಫ್ ಇದ್ದರೆ 7.

ಇವುಗಳಲ್ಲಿ ಎಲೆಕ್ಟ್ರಾನುಗಳನ್ನು ಹಂಚಲು ಮೂರು ನಿಯಮಗಳಿವೆ. ಮೊದಲನೆಯದು, ಒಟ್ಟು ಶಕ್ತಿ ಆದಷ್ಟೂ ಕಡಿಮೆಯಾಗುವಂತೆ ಅವು ನೆಲೆಸುತ್ತವೆ. ಎರಡನೆಯದು, 1925ರಲ್ಲಿ ವೂಲ್ಫ್‌ಗ್ಯಾಂಗ್ ಪೌಲಿ ಕೊಟ್ಟದ್ದು: ಒಂದು ಕಕ್ಷಕದಲ್ಲಿ ಎರಡಕ್ಕಿಂತ ಹೆಚ್ಚು ಎಲೆಕ್ಟ್ರಾನುಗಳಿಗೆ ಸ್ಥಳವಿಲ್ಲ, ಆ ಎರಡರ ಗಿರಕಿಯೂ ವಿರುದ್ಧವಾಗಿರಬೇಕು. ಮೂರನೆಯದು ಹುಂಡ್ ನಿಯಮ. ಖಾಲಿ ಬಸ್ಸಿಗೆ ಹತ್ತಿದ ಅಪರಿಚಿತರು ಮೊದಲು ಒಂದೊಂದು ಸೀಟಿನಲ್ಲಿ ಒಬ್ಬೊಬ್ಬರೇ ಕೂರುತ್ತಾರಲ್ಲವೆ? ಹಾಗೆಯೇ ಸಮಾನ ಶಕ್ತಿಯ ಕಕ್ಷಕಗಳಲ್ಲಿ ಎಲೆಕ್ಟ್ರಾನುಗಳು ಮೊದಲು ಒಂಟಿಯಾಗಿ ನೆಲೆಸಿ, ಬಳಿಕ ಜೋಡಿಯಾಗುತ್ತವೆ. ಸಾರಜನಕದ ಮೂರು 2ಪಿ ಎಲೆಕ್ಟ್ರಾನುಗಳು ಮೂರು ಕಕ್ಷಕಗಳಲ್ಲಿ ಬಿಡಿಬಿಡಿಯಾಗಿರುವುದು ಇದರಿಂದಲೇ.

ಈಗ ತಾಮ್ರಕ್ಕೆ ಬರೋಣ. ಆರ್ಗಾನಿನ 18 ಎಲೆಕ್ಟ್ರಾನುಗಳನ್ನು ಬಿಟ್ಟರೆ ತಾಮ್ರಕ್ಕೆ ಉಳಿಯುವುದು 11: 3ಡಿಯಲ್ಲಿ 10, 4ಎಸ್‌ನಲ್ಲಿ 1. ಸತುವಿಗೆ 3ಡಿಯಲ್ಲಿ 10, 4ಎಸ್‌ನಲ್ಲಿ 2. ಸಲ್ಫೇಟಿನಲ್ಲಿ ಎರಡೂ ಲೋಹಗಳು ತಲಾ ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡಿರುತ್ತವೆ. ತಾಮ್ರದ ಅಯಾನಿನಲ್ಲಿ ಉಳಿಯುವುದು 9 ಡಿ ಎಲೆಕ್ಟ್ರಾನುಗಳು; ಸತುವಿನಲ್ಲಿ ಪೂರ್ತಿ 10. ಮೈಲುತುತ್ತದ ಹರಳಿನಲ್ಲಿ ತಾಮ್ರವನ್ನು ನೀರಿನ ಅಣುಗಳು ಸುತ್ತುವರಿದಿರುತ್ತವೆ. ಅವುಗಳ ಪ್ರಭಾವದಿಂದ ಐದು ಡಿ ಕಕ್ಷಕಗಳ ಶಕ್ತಿ ಸಮನಾಗಿ ಉಳಿಯುವುದಿಲ್ಲ. ಕೆಳಗಿನ ಎಲೆಕ್ಟ್ರಾನೊಂದು ಕೆಂಪು ಬೆಳಕನ್ನು ಹೀರಿ ಮೇಲಿನ ತೆರವಾದ ಸ್ಥಾನಕ್ಕೆ ಜಿಗಿಯುತ್ತದೆ. ಉಳಿದ ಬೆಳಕು ನಮ್ಮ ಕಣ್ಣಿಗೆ ನೀಲಿಯಾಗಿ ಕಾಣುತ್ತದೆ. ಸತುವಿನಲ್ಲಿ ತೆರವಾದ ಸ್ಥಾನವೇ ಇಲ್ಲ, ಆದ್ದರಿಂದ ಬಣ್ಣವೂ ಇಲ್ಲ. ನಿಮ್ಮ ಪ್ರಯೋಗಾಲಯದಲ್ಲಿ ಅಧ್ಯಾಪಕರ ಸಮ್ಮುಖದಲ್ಲಿ ಮೈಲುತುತ್ತವನ್ನು ಕಾಯಿಸಿ ನೋಡಿ. ನೀರು ಹೋದಂತೆ ನೀಲಿಯೂ ಹೋಗಿ ಬಿಳಿ ಪುಡಿ ಉಳಿಯುತ್ತದೆ.

ಇನ್ನು, ಪರೀಕ್ಷೆಯಲ್ಲಿ ಅನೇಕರು ಎಡವುವ ಒಂದು ಪ್ರಶ್ನೆ. 3ಡಿಗಿಂತ ಮೊದಲು 4ಎಸ್ ತುಂಬುತ್ತದೆ ಎಂದು ನೀವು ಬಾಯಿಪಾಠ ಮಾಡಿದ್ದೀರಿ. ಕಬ್ಬಿಣಕ್ಕೆ 3ಡಿಯಲ್ಲಿ 6, 4ಎಸ್‌ನಲ್ಲಿ 2 ಎಲೆಕ್ಟ್ರಾನುಗಳು. ಎರಡು ಹೋದಾಗ ಉಳಿಯುವುದೇನು? ಕಡೆಗೆ ಬಂದದ್ದು ಮೊದಲು ಹೋಗಬೇಕೆಂದು ಎಣಿಸಿ 3ಡಿಯಲ್ಲಿ 4 ಎಂದು ಬರೆದರೆ ತಪ್ಪು. ಹೋಗುವುದು 4ಎಸ್‌ನ ಎರಡು. 3ಡಿಯ ಆರೂ ಉಳಿಯುತ್ತವೆ.

ಇದೇಕೆ ಹೀಗೆ? 21ನೆಯ ಧಾತುವಾದ ಸ್ಕ್ಯಾಂಡಿಯಮ್ಮನ್ನು ನೋಡಿ. ಅದರ ಹೊರಗಿನ ಮೂರು ಎಲೆಕ್ಟ್ರಾನುಗಳನ್ನು ತೆಗೆದು, ಮತ್ತೆ ಒಂದೊಂದಾಗಿ ಸೇರಿಸಿದೆವೆನ್ನಿ. ಮೊದಲನೆಯದು ಹೋಗುವುದು 4ಎಸ್‌ಗಲ್ಲ, 3ಡಿಗೆ! ಮುಂದಿನ ಎರಡು 4ಎಸ್‌ಗೆ. ಪೊಟ್ಯಾಸಿಯಮ್ ಮತ್ತು ಕ್ಯಾಲ್ಸಿಯಮ್‌ಗಳಲ್ಲಿ 4ಎಸ್‌ನ ಶಕ್ತಿಯೇ ಕಡಿಮೆ. ಸ್ಕ್ಯಾಂಡಿಯಮ್ಮಿನಿಂದ ಮುಂದೆ ಬೀಜಕೇಂದ್ರದ ಸೆಳೆತ ಹೆಚ್ಚಿ 3ಡಿ ಕೆಳಗಿಳಿಯುತ್ತದೆ. ಆದರೆ 3ಡಿ ಇಕ್ಕಟ್ಟಾದ ಜಾಗ. ಅಲ್ಲಿ ಎಲೆಕ್ಟ್ರಾನುಗಳ ಪರಸ್ಪರ ವಿಕರ್ಷಣೆ ಹೆಚ್ಚು. ಆದ್ದರಿಂದ ಉಳಿದವು ವಿಶಾಲವಾದ 4ಎಸ್‌ನಲ್ಲಿ ನೆಲೆಸಿದರೆ ಒಟ್ಟು ಶಕ್ತಿ ಕಡಿಮೆಯಾಗುತ್ತದೆ.

ಅಂದರೆ ಪಠ್ಯಪುಸ್ತಕದ ಬಾಣಗುರುತಿನ ಕೋಷ್ಟಕ ತಟಸ್ಥ ಪರಮಾಣುವಿನ ಅಂತಿಮ ವ್ಯವಸ್ಥೆಯನ್ನು ನೆನಪಿಡಲು ಒಂದು ಉಪಾಯ ಮಾತ್ರ. ಅದನ್ನು ಮೀರುವ ಧಾತುಗಳೂ ಇವೆ: ತಾಮ್ರ, ಕ್ರೋಮಿಯಮ್, ಪೆಲೇಡಿಯಮ್. 46ನೆಯ ಧಾತುವಾದ ಪೆಲೇಡಿಯಮ್ಮಿನಲ್ಲಿ 5ಎಸ್ ಪೂರ್ತಿ ಖಾಲಿ; ಹತ್ತೂ 4ಡಿಯಲ್ಲಿವೆ. ಇಂಥ ಅಪವಾದ ಕಂಡಾಗ ಬರಿದೆ ಉರು ಹೊಡೆಯಬೇಡಿ. ಸೆಳೆತವೆಷ್ಟು, ವಿಕರ್ಷಣೆಯೆಷ್ಟು, ಯಾವ ವ್ಯವಸ್ಥೆಯಲ್ಲಿ ಒಟ್ಟು ಶಕ್ತಿ ಕಡಿಮೆ ಎಂದು ಕೇಳಿಕೊಳ್ಳಿ. ನಿಯಮ ಮರೆತರೂ ಈ ಪ್ರಶ್ನೆ ನಿಮ್ಮ ಕೈಬಿಡದು.