ಕೃತ್ತಿಕೆಯ ಸುತ್ತಣ ಧೂಳು

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ರೈತನಿಗೆ ಕೃತ್ತಿಕೆಯೆಂದರೆ ಮೊದಲು ನೆನಪಾಗುವುದು ಮಳೆ. ಮೇ ತಿಂಗಳ ನಡುವೆ ಬರುವ ಆ ಮಳೆಯ ದಿನಗಳಲ್ಲಿ ಸೂರ್ಯನು ಕೃತ್ತಿಕೆಯ ದಿಕ್ಕಿನಲ್ಲೇ ಇರುತ್ತಾನೆ. ಹೀಗಾಗಿ ಮಳೆಗೆ ಹೆಸರು ಕೊಟ್ಟ ನಕ್ಷತ್ರ ಮಾತ್ರ ಆಗ ಕಣ್ಣಿಗೆ ಬೀಳದು. ಅದನ್ನು ನೋಡಲು ಕಾರ್ತಿಕದಿಂದ ಮಾಘದವರೆಗಿನ ರಾತ್ರಿಗಳೇ ಸರಿ. ಪೇಟೆಯ ದೀಪಗಳನ್ನು ಹಿಂದೆ ಬಿಟ್ಟು, ಅಶೋಕನ ಶಾಸನವಿರುವ ಬ್ರಹ್ಮಗಿರಿಯ ಕಡೆಗೆ ಹೋಗಿ ತಲೆಯೆತ್ತಿದರೆ ಆರು ಚುಕ್ಕೆಗಳ ಗೊಂಚಲು ನಿಮಗೆ ಕಾಣುತ್ತದೆ. ದೂರದರ್ಶಕದಲ್ಲಾದರೆ ಆರಲ್ಲ, ನೂರಾರು.

ಈ ಗೊಂಚಲು ನಮ್ಮಿಂದ ಸುಮಾರು 440 ಜ್ಯೋತಿರ್ವರ್ಷ ದೂರ. ನಕ್ಷತ್ರಗಳ ಲೆಕ್ಕದಲ್ಲಿ ಇದು ನೆರೆಮನೆಯೇ. 1859ರಲ್ಲಿ ವೆನಿಸ್ ನಗರದಲ್ಲಿದ್ದ ಟೆಂಪೆಲ್ ಎಂಬಾತ ಇದರ ಒಂದು ನಕ್ಷತ್ರದ ಬಳಿ, ಕನ್ನಡಿಯ ಮೇಲೆ ಉಸಿರು ಬಿಟ್ಟಂತಹ ಮಸುಕನ್ನು ಕಂಡನು. ಅದು ಉರಿಯುವ ಅನಿಲವೋ, ಬೇರೇನೋ? 1912ರಲ್ಲಿ ಅಮೆರಿಕದ ಸ್ಲೈಫರ್ ಆ ಮಸುಕಿನ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡಿದರು. ಹೊಳೆಯುವ ಅನಿಲದ ಗೆರೆಗಳು ಅದರಲ್ಲಿರಲಿಲ್ಲ. ಇದ್ದುದು ಪಕ್ಕದ ನಕ್ಷತ್ರದ್ದೇ ಬೆಳಕು. ಎಂದರೆ ಅಲ್ಲಿರುವುದು ಧೂಳು, ನಕ್ಷತ್ರದ ಬೆಳಕು ಅದರ ಮೇಲೆ ಬಿದ್ದು ಚದುರುತ್ತಿದೆ. ಒಂದೊಂದು ಕಣವೂ ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲಿನಷ್ಟು. ಇಂಥ ಸಣ್ಣ ಕಣ ನೀಲಿಯನ್ನೇ ಹೆಚ್ಚು ಚದುರಿಸುವುದರಿಂದ ಛಾಯಾಚಿತ್ರಗಳಲ್ಲಿ ಆ ಮಸುಕು ನೀಲಿಯಾಗಿರುತ್ತದೆ.

ಈ ಧೂಳು ಎಲ್ಲಿಯದು? ನಕ್ಷತ್ರಗಳು ಹುಟ್ಟಿದಾಗ ಉಳಿದ ಪುಡಿಯೆಂದೇ ಬಹುಕಾಲ ತಿಳಿಯಲಾಗಿತ್ತು. ಆದರೆ ಗೊಂಚಲಿಗೆ ಸುಮಾರು 10 ಕೋಟಿ ವರ್ಷ ವಯಸ್ಸು. ಹೆರಿಗೆಮನೆಯ ಧೂಳು ಅಷ್ಟು ಕಾಲ ನಿಲ್ಲಲಾರದು. ಮೇಲಾಗಿ, ಧೂಳಿನ ಜೊತೆಗಿರುವ ಅನಿಲವು ನಕ್ಷತ್ರದ ಬೆಳಕಿನಲ್ಲಿ ಕೆಲವು ಬಣ್ಣಗಳನ್ನು ನುಂಗಿ ಸಣ್ಣ ಗೆರೆ ಮೂಡಿಸುತ್ತದೆ. ಆ ಗೆರೆಗಳಿಂದ ಅನಿಲದ ವೇಗವನ್ನು ಅಳೆದರೆ, ಅದು ನಕ್ಷತ್ರಗಳ ವೇಗಕ್ಕೆ ಹೊಂದುವುದೇ ಇಲ್ಲ.

ಮುಸ್ಸಂಜೆಯಲ್ಲಿ ಕುರಿಮಂದೆ ರಸ್ತೆ ದಾಟಿ ಹೋಗಿದೆ ಎನ್ನಿ. ಆಮೇಲೆ ಚಳ್ಳಕೆರೆಯ ಬಸ್ಸು ಬರುತ್ತದೆ. ದೀಪದ ಬೆಳಕಿನಲ್ಲಿ ಧೂಳು ಝಗ್ಗನೆ ಕಾಣುತ್ತದೆ. ಬಸ್ಸು ಎಬ್ಬಿಸಿದ ಧೂಳಲ್ಲ ಅದು, ಬಸ್ಸು ನುಗ್ಗಿದ ಧೂಳು. ಕೃತ್ತಿಕೆಯೂ ಹೀಗೆಯೇ, ತನ್ನದಲ್ಲದ ಮೋಡವೊಂದರ ನಡುವೆ ಹಾದುಹೋಗುತ್ತಿದೆ.

ದೀಪವಿಲ್ಲದೆಡೆ ಧೂಳು ಕಾಣದು, ಆದರೆ ಇರುತ್ತದೆ. ಹಿಂದಿನ ನಕ್ಷತ್ರಗಳನ್ನು ಮಂಕಾಗಿಸಿ, ಇದ್ದುದಕ್ಕಿಂತ ದೂರದಲ್ಲಿರುವಂತೆ ತೋರಿಸುತ್ತದೆ. 1930ರಲ್ಲಿ ಟ್ರಂಪ್ಲರ್ ಇಂಥ ಗೊಂಚಲುಗಳನ್ನೇ ಅಳೆದು ಇದನ್ನು ಸಿದ್ಧಪಡಿಸಿದ ಮೇಲೆ, ನಮ್ಮ ಆಕಾಶಗಂಗೆಯ ಅಳತೆಯನ್ನೇ ತಿದ್ದಬೇಕಾಯಿತು. ಕೃತ್ತಿಕೆ ಮುಂದೆ ಸಾಗಿದ ಮೇಲೆ, ಇಂದು ನೀಲಿಯಾಗಿ ಹೊಳೆಯುವ ಆ ಮೋಡವೂ ಕತ್ತಲಲ್ಲಿಯೇ ಉಳಿಯುತ್ತದೆ.